ಆಕಾಶವಾಣಿಯೂ ಮಲೆನಾಡಿನ ಗುಡ್ಡಗಳೂ

ಕ್ರಿ. ಶ. 1935ನೆಯ ಇಸವಿ ಸೆಪ್ಟೆಂಬರು 10ರಂದು, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ|| ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ, ಕೇವಲ 30 ವ್ಯಾಟ್ ಶಕ್ತಿಯ ಯಂತ್ರವೊಂದರಿಂದ ಪ್ರಸಾರವನ್ನು ಆರಂಭಿಸಿದರು. ಒಂದು ದೀಪಕ್ಕೆ ಸಾಲುವಷ್ಟೇ ವಿದ್ಯುತ್ತು! ಆ ಮನೆಗೂಸಿಗೆ ಇಟ್ಟ ‘ಆಕಾಶವಾಣಿ’ಯೆಂಬ ಹೆಸರನ್ನು ಎರಡು ದಶಕಗಳ ಮೇಲೆ ಇಡೀ ದೇಶದ ಪ್ರಸಾರಸಂಸ್ಥೆಯೇ ಧರಿಸಿತು. ಮೈಸೂರಿನ ಕೇಂದ್ರವು 1955ರಲ್ಲಿ ಬೆಂಗಳೂರಿಗೆ ಹೋಯಿತು. 1965ರಲ್ಲಿ ಭದ್ರಾವತಿಯಲ್ಲಿ ಮತ್ತೊಂದು ಕೇಂದ್ರವಾಯಿತು.

ಕೊಪ್ಪ, ಶೃಂಗೇರಿ ಮತ್ತು ಹಿಂದೆ ಎಡೇಹಳ್ಳಿಯೆನಿಸಿದ್ದ ನರಸಿಂಹರಾಜಪುರದ ಸೀಮೆಗಳಲ್ಲಿ ಮನೆಗಳು ಅಡಕೆ ತೋಟಗಳ ಅಂಚಿನಲ್ಲಿ, ಗುಡ್ಡಗಳ ಸಂದಿನಲ್ಲಿ ಒಂಟೊಂಟಿಯಾಗಿರುವುವು. ಎಫ್. ಎಂ. ಅಲೆಯು ಹೆಚ್ಚುಕಡಮೆ ಬೆಳಕಿನಂತೆ ನೇರ ಹರಿಯತಕ್ಕದ್ದು. ಗುಡ್ಡದ ಮರೆಯಲ್ಲಿ ಅದು ಕುಂದುವುದು. ಮಧ್ಯಮ ತರಂಗವಾದರೋ ನೆಲವನ್ನನುಸರಿಸಿ ಕಣಿವೆಗೂ ಇಳಿಯಬಲ್ಲುದು. ಆದರೆ ಗುಡುಗುಮಿಂಚಿನ ದಿನ ಅದರಲ್ಲಿ ಕರಕರ ಶಬ್ದ, ರಾತ್ರಿಯಾದರೆ ದೂರದ ಕೇಂದ್ರಗಳ ಕಲಬೆರಕೆ.

ಈ ದೋಷವನ್ನು ನೀಗುವುದಕ್ಕಾಗಿ ಹುಟ್ಟಿದ್ದೇ ಡಿ. ಆರ್. ಎಂ. ಎಂಬ ಅಂಕೀಯ ಪ್ರಸಾರವು. ಶಬ್ದವು ಆಕಾಶದ ಗುಣವೆಂದೂ, ನೀರಿನ ತೆರೆಗಳಂತೆ ಪರಂಪರೆಯಿಂದ ಕಿವಿಗೆ ಬರುವುದೆಂದೂ ನಮ್ಮ ತಾರ್ಕಿಕರು ಹೇಳಿದ್ದರು. ರೇಡಿಯೋದಲ್ಲಿ ಬರತಕ್ಕದ್ದು ಶಬ್ದವಲ್ಲ, ವಿದ್ಯುತ್ಕಾಂತದ ಅಲೆ. ಹಳೆಯ ಮಧ್ಯಮ ತರಂಗದ ಕ್ರಮದಲ್ಲಿ ದನಿಯ ಏರಿಳಿತವೇ ಆ ಅಲೆಯ ಏರಿಳಿತವಾಗುವುದು. ಸಿಡಿಲು ಅಲೆಯನ್ನು ಕದಡಿದರೆ ದನಿಯೂ ಕದಡಿತು. ಹೊಸ ಕ್ರಮದಲ್ಲಿ, ಕಟಪಯಾದಿಯಲ್ಲಿ ಅಕ್ಷರವು ಅಂಕಿಯಾಗುವಂತೆ, ದನಿಯೇ ಅಂಕಿಯಾಗುವುದು. ಕ್ಷಣಕ್ಷಣಕ್ಕೂ ಅದನ್ನಳೆದು, ಸೊನ್ನೆ ಒಂದುಗಳಲ್ಲಿ ಬರೆದು, ಸಂಕ್ಷೇಪಿಸಿ, ಇನ್ನೂರರ ಆಸುಪಾಸಿನ ಸಣ್ಣ ಅಲೆಗಳಿಗೆ ಹಂಚುವರು. ಕೆಲವು ಅಂಕಿಗಳು ದಾರಿಯಲ್ಲಿ ಕೆಟ್ಟರೂ ಉಳಿದವುಗಳಿಂದ ಅವನ್ನು ತಿದ್ದಿಕೊಳ್ಳುವ ಲೆಕ್ಕವನ್ನೂ ಜೊತೆಗೇ ಕಳುಹಿಸುವರು.

ಭಾರತದಲ್ಲಿ ಇದರ ಪರೀಕ್ಷೆ 2007ರಲ್ಲಿ ದೆಹಲಿಯಲ್ಲಿ ನಡೆಯಿತು. ಆ ಬಳಿಕ ಬೆಂಗಳೂರಿನ 612 ಕಿಲೋಹರ್ಟ್ಸ್ ಕೇಂದ್ರಕ್ಕೂ 200 ಕಿಲೋವ್ಯಾಟಿನ ಇಂಥ ಯಂತ್ರ ಬಂದಿತು. ಮನೆಯೊಳಗಿನ ಸಂಗತಿಯೇ ಬೇರೆ. ಹೊಸ ಮೋಟಾರು ಕಾರುಗಳಲ್ಲಿ ಕೆಲವಕ್ಕೆ ಇದರ ಗ್ರಾಹಕವನ್ನು ಕಾರ್ಖಾನೆಯಲ್ಲಿಯೇ ಕೂಡಿಸುತ್ತಾರೆ. ಮನೆಯಲ್ಲಿಡತಕ್ಕ ಪೆಟ್ಟಿಗೆಗಳು ಮಾತ್ರ ವಿರಳ, ದುಬಾರಿ. ಗುಣವೂ ಭಿನ್ನ: ಬಲ ಕುಂದಿದಾಗ ಹಳೆಯ ಪ್ರಸಾರವು ಗೊರಗುಟ್ಟುತ್ತಲಾದರೂ ವಾರ್ತೆಯನ್ನು ಮುಟ್ಟಿಸೀತು, ಅಂಕೀಯವು ಒಂದು ಮಿತಿಯವರೆಗೆ ಸ್ವಚ್ಛವಾಗಿದ್ದು ಅದರಾಚೆಗೆ ಒಮ್ಮೆಗೇ ಮೂಕವಾಗುವುದು. ಅಜ್ಜನ ಕಾಲದ ಪೆಟ್ಟಿಗೆಯನ್ನು ಆ ಅಲೆಗೆ ತಿರುಗಿಸಿದವರಿಗೆ ಕೇಳಿಸುವುದು ಜಡಿಮಳೆಯಂಥ ಮೊರೆತ ಮಾತ್ರ.