ತದಡಿ ಧಕ್ಕೆಯಲ್ಲಿ ಮುಖದ ಗುರುತು

ಮುಖ ತೋರಿಸಿದರೆ ತೆರೆಯುವ ಫೋನು ತದಡಿಯಲ್ಲಿ ಯಾಕೆ ಅಷ್ಟು ಬೇಗ ಖರ್ಚಾಯಿತು ಎಂದು ಯಾರಾದರೂ ಕೇಳಿದರೆ, ಧಕ್ಕೆಯಲ್ಲಿ ಮೀನು ಆರಿಸುವ ಹೆಂಗಸರ ಕೈ ನೋಡಿ ಬನ್ನಿ ಎನ್ನುತ್ತೇನೆ. ಐಸಿನ ನೀರು, ಬಂಗಡೆಯ ಲೋಳೆ, ತಾರ್ಲೆಯ ಹುರುಪೆ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕುವವರದಂತೂ ಬೆರಳ ತುದಿಯ ಗೆರೆಗಳೇ ಸವೆದಿರುತ್ತವೆ. ಅಂಥ ಬೆರಳನ್ನು ಯಾವ ಯಂತ್ರ ಓದೀತು?

ನಾನು ಇಲ್ಲಿ ಮೊದಲು ಫೋಟೊ ಸ್ಟುಡಿಯೊ ಇಟ್ಟವನು, ಆಮೇಲೆ ಅದೇ ಕೋಣೆಯಲ್ಲಿ ಮೊಬೈಲ್ ಮಾರಿದವನು. ಎರಡೂ ಕಸುಬಿನಲ್ಲಿ ಹೊಟ್ಟೆ ಹೊರೆದದ್ದು ಜನರ ಮುಖದಿಂದಲೇ.

ಬಂದರಿನಲ್ಲಿ ಗುರುತು ಎಂದರೆ ಹಿಂದೆಲ್ಲ ಕಂಡ ಮುಖ, ಅಷ್ಟೇ. ಮೀನು ಸಾಲಕ್ಕೆ ಕೊಡುವವನು ಮುಖ ನೋಡಿ ಕೊಡುತ್ತಿದ್ದ, ದಲಾಲಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ. ಕಾಗದ ಬೇಕಾದದ್ದು ಸರ್ಕಾರಕ್ಕೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನ ಇಡೀ ಅಂಗೈಯನ್ನು ಕರಾರುಪತ್ರದ ಮೇಲೆ ಒತ್ತಿಸಿದ. ಬೆರಳಚ್ಚಿನ ಆಡಳಿತ ಬೆಳೆದದ್ದು ಅಲ್ಲಿಂದ. ನಮ್ಮವರೂ ಕಚೇರಿಗಳಲ್ಲಿ ಹೆಬ್ಬೆಟ್ಟು ಒತ್ತುತ್ತಲೇ ಬಂದರು.

ಮುಖಕ್ಕೆ ಸರ್ಕಾರಿ ಬೆಲೆ ಬಂದದ್ದು 1993ರಲ್ಲಿ, ಆಗಿನ ಮುಖ್ಯ ಚುನಾವಣಾ ಆಯುಕ್ತ ಟಿ. ಎನ್. ಶೇಷನ್ ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ತಂದ ಮೇಲೆ. ಆ ಚೀಟಿಯ ಫೋಟೊಗಳ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಅದನ್ನು ನೋಡಿ ಹೆತ್ತ ತಾಯಿಯೂ ಮಗನ ಗುರುತು ಹಿಡಿಯಲಾರಳು ಎಂದು ಧಕ್ಕೆಯಲ್ಲಿ ನಗುತ್ತಿದ್ದರು. 2008ರ ನವೆಂಬರಿನಲ್ಲಿ ಮುಂಬೈಗೆ ಉಗ್ರರು ಬಂದದ್ದು ಅಪಹರಿಸಿದ ಮೀನುಗಾರಿಕೆ ಬೋಟಿನಲ್ಲಿ. ಅದರ ಬಿಸಿ ಇಡೀ ಕರಾವಳಿಗೆ ತಟ್ಟಿತು. ಕಡಲಿಗೆ ಹೋಗುವವರಿಗೆಲ್ಲ ಫೋಟೊ, ಬೆರಳಚ್ಚು ಎರಡೂ ಇರುವ ಕಾರ್ಡು ಕೊಡುವ ಯೋಜನೆ ಬಂತು. 2010ರಿಂದ ಆಧಾರ್. ಬಲೆಯ ಹಗ್ಗ, ಉಪ್ಪುನೀರು, ಚಿಪ್ಪುಗಳ ನಡುವೆ ಸವೆದ ಬೆರಳು ಯಂತ್ರಕ್ಕೆ ಸಿಗದೆ, ಒರೆಸು, ಮತ್ತೆ ಒತ್ತು, ಇನ್ನೊಂದು ಬೆರಳು ಕೊಡು ಎಂಬ ಹಾಡು ಶುರುವಾದದ್ದು ಆಗ.

ಫೋನಿಗೆ ಮುಖ ಓದುವ ವಿದ್ಯೆ ಬಂದದ್ದು 2011ರಲ್ಲಿ, ಆಂಡ್ರಾಯ್ಡ್ 4.0ರೊಂದಿಗೆ. ನಿಮ್ಮನ್ನು ಹೋಲುವವರು ಇದನ್ನು ತೆರೆದಾರು ಎಂದು ಗೂಗಲ್ಲೇ ಆಗ ಎಚ್ಚರಿಸಿತ್ತು. ನಮ್ಮೂರಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. 2017ರಲ್ಲಿ ಐಫೋನ್ ಟೆನ್ ಬಂದಾಗ ಎಲ್ಲರ ಬಾಯಲ್ಲೂ ಅದೇ ಮಾತು. ಬೆಲೆ 89,000 ರೂಪಾಯಿ. ದುಡ್ಡು ಕಂಡರೆ ದೋಣಿಯ ಎಂಜಿನ್ನಿನ ಲೆಕ್ಕ ಹಾಕುವ ಊರು ಇದು, ಮಾತಾಡಿ ಸುಮ್ಮನಾದರು. ಆದರೆ ಅದೇ ವರ್ಷದ ಕೊನೆಯೊಳಗೆ ಒಪ್ಪೊ, ವಿವೋ ಕಂಪನಿಗಳು ಇಪ್ಪತ್ತು ಸಾವಿರದೊಳಗಿನ ಫೋನಿನಲ್ಲೂ ‘ಮುಖ’ ಕೊಟ್ಟವು. ವ್ಯಾಪಾರ ಕುದುರಿದ್ದು ಆಗಲೇ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿಯುವ ಹೊತ್ತಿಗೆ ಕೊಳ್ಳಲು ಬಂದವರು ಮೊದಲು ಕೇಳುತ್ತಿದ್ದುದು ಕ್ಯಾಮೆರಾ, ಆಮೇಲೆ ಇದು. ‘ಕೈ ಒದ್ದೆಯಾದ್ರೂ ತೆಗೀತದಲಾ ತಮ್ಮಾ, ಅಷ್ಟಿದ್ರೆ ಸಾಕು’ ಎಂದು ಮೀನು ಮಾರುವ ಅಕ್ಕನೊಬ್ಬಳು ಹೇಳಿದ್ದಕ್ಕಿಂತ ದೊಡ್ಡ ಜಾಹೀರಾತನ್ನು ನಾನು ಕಂಡಿಲ್ಲ.

ಆದರೆ ಎರಡು ಬೇರೆ ಬೇರೆ ಸರಕನ್ನು ಒಂದೇ ಹೆಸರಿನಲ್ಲಿ ಮಾರಲಾಯಿತು. ಸ್ಟುಡಿಯೊದವನಿಗೆ ಇದು ಬೇಗ ತಿಳಿಯುತ್ತದೆ. ಎದುರಿನಿಂದ ಫ್ಲಾಶ್ ಹೊಡೆದರೆ ಮೂಗು, ಕೆನ್ನೆ ಎಲ್ಲ ಚಪ್ಪಟೆ. ಪಕ್ಕದಿಂದ ಬೆಳಕು ಕೊಟ್ಟರೆ ಮುಖಕ್ಕೆ ಆಳ ಬರುತ್ತದೆ. ಐಫೋನ್ ಟೆನ್ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನ 30,000ಕ್ಕೂ ಹೆಚ್ಚು ಚುಕ್ಕಿಗಳನ್ನು ಮುಖದ ಮೇಲೆ ಚೆಲ್ಲಿ ಆ ಆಳವನ್ನೇ ಅಳೆಯುತ್ತದೆ. ಹಾಗಾಗಿ ಕತ್ತಲಲ್ಲೂ ನಡೆಯುತ್ತದೆ. ಅಪರಿಚಿತನೊಬ್ಬ ಅದನ್ನು ತೆರೆಯುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು, ಬೆರಳಚ್ಚಿನಲ್ಲಿ 50,000ದಲ್ಲಿ ಒಂದು ಎಂಬುದು ಆ್ಯಪಲ್ ಕೊಟ್ಟ ಲೆಕ್ಕ. ಅವಳಿಗಳಿಗೆ, ಹೋಲುವ ಒಡಹುಟ್ಟಿದವರಿಗೆ ಈ ಲೆಕ್ಕ ಹೊಂದುವುದಿಲ್ಲ ಎಂದೂ ಅದೇ ಹೇಳಿದೆ. ಅಗ್ಗದ ಫೋನಿಗೆ ಇರುವುದು ಸೆಲ್ಫಿ ಕ್ಯಾಮೆರಾ ಮಾತ್ರ. ಅದಕ್ಕೆ ಮುಖವೂ ಚಪ್ಪಟೆ, ಮುಖದ ಫೋಟೊವೂ ಚಪ್ಪಟೆ. ನೆದರ್‌ಲೆಂಡ್ಸಿನ ಗ್ರಾಹಕರ ಸಂಘವೊಂದು 110 ಫೋನು ಪರೀಕ್ಷಿಸಿ, 42 ಫೋನುಗಳು ಬರೀ ಫೋಟೊಕ್ಕೆ ತೆರೆದವು ಎಂದು 2019ರಲ್ಲಿ ಪ್ರಕಟಿಸಿತು. ನಾನೇ ನನ್ನ ಅಂಗಡಿಯಲ್ಲಿ ಗಿರಾಕಿಯ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿ ಅವನ ಫೋನಿಗೆ ಹಿಡಿದೆ. ತೆರೆಯಿತು. ಅವನು ನಕ್ಕ, ಆಮೇಲೆ ನಗು ನಿಂತಿತು.

‘ಫೋನು ಮುಖಕ್ಕೆ ತೆಗೀತದೆ, ಬ್ಯಾಂಕಿನ ಆ್ಯಪು ಮಾತ್ರ ಯಾಕೆ ಬೆರಳು ಕೇಳ್ತದೆ?’ ಎಂಬುದು ಅಂಗಡಿಗೆ ಬಂದವರ ದೂರು. ಆ್ಯಪು ಹಾಗೆ ಕೇಳುವುದು ಕೆಟ್ಟದ್ದಲ್ಲ. ಆಂಡ್ರಾಯ್ಡಿನಲ್ಲಿ ಇಂಥ ಗುರುತುಗಳಿಗೆ ಮೂರು ದರ್ಜೆ ಇವೆ, ತೀರಾ ಕೆಳಗಿನ ದರ್ಜೆಯ ಮುಖವನ್ನು ಬೇರೆ ಆ್ಯಪುಗಳಿಗೆ ಅದು ಕೊಡುವುದೇ ಇಲ್ಲ. ಫೋನು ಮಾರುವ ಡಬ್ಬಿಯ ಮೇಲೆ ಈ ದರ್ಜೆಯನ್ನು ಮುದ್ರಿಸಿದ್ದನ್ನು ನಾನಂತೂ ನೋಡಿಲ್ಲ. ಅದು ತಪ್ಪು ಎನ್ನುತ್ತೇನೆ.

ಹಾಗೆಂದು ಮುಖವನ್ನು ಹಳಿಯಲಾರೆ. 2021ರ ನವೆಂಬರಿನಲ್ಲಿ ಪಿಂಚಣಿದಾರರ ಜೀವನ ಪ್ರಮಾಣಪತ್ರಕ್ಕೆ ಫೋನಿನಲ್ಲೇ ಮುಖ ತೋರಿಸುವ ಸೌಲಭ್ಯ ಬಂತು. ಅಲ್ಲಿ ಮುಖ ತಾಳೆಯಾಗುವುದು ಆಧಾರ್ ಕಡತದೊಂದಿಗೆ, ಎದುರಿಗೆ ಜೀವಂತ ಮನುಷ್ಯನೇ ಇದ್ದಾನೆಯೇ ಎಂಬ ಪರೀಕ್ಷೆಯೂ ಇದೆ. ಗೆರೆ ಸವೆದ ಬೆರಳಿನ ಮುದುಕರಿಗೆ ಅದು ದೊಡ್ಡ ಉಪಕಾರ.

ಫೋನು ತೆಗೆಯಲು ಮುಖ ಇಟ್ಟುಕೊಳ್ಳಿ, ಬ್ಯಾಂಕಿನ ಆ್ಯಪಿಗೆ ಬೇರೆಯೇ ಪಿನ್ ಇಡಿ. ಹೊಸ ಫೋನು ಕೊಳ್ಳುವ ಮುಂಚೆ ನಿಮ್ಮದೇ ಒಂದು ಫೋಟೊವನ್ನು ಅದರೆದುರು ಹಿಡಿದು ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೂ ಸರಿ.