ಒಂಬತ್ತನೇ ಕಾಲಂ, ಹನ್ನೆರಡನೇ ಕಾಲಂ

ಹೋದ ತಿಂಗಳು ಅಪ್ಪ ವಾಟ್ಸಾಪಿನಲ್ಲಿ ಒಂದು ಪಹಣಿಯ ಫೋಟೋ ಕಳಿಸಿದ್ದರು. ಕೆಳಗೆ ಒಂದೇ ಸಾಲು: "ಕೇಳಾಕ ಬಂದಾರ. ಏನ ಹೇಳೂಣು?"

ಕೇಳಲು ಬಂದಿದ್ದು ನಮ್ಮ ಹೊಲವನ್ನು. ಸವಣೂರು ತಾಲೂಕಿನ ಎರೆಭೂಮಿ, 4 ಎಕರೆ 12 ಗುಂಟೆ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಹಾಗಾಗಿ ರಸ್ತೆ ಬದಿ ಕಾರು ನಿಲ್ಲಿಸಿ ವಿಚಾರಿಸುವವರು ಜಾಸ್ತಿಯಾಗಿದ್ದಾರೆ. ನಾನು ಉತ್ತರ ಕೊಡದೆ ಆ ಫೋಟೋವನ್ನೇ ದೊಡ್ಡದು ಮಾಡಿ ನೋಡುತ್ತಾ ಕೂತೆ.

ನನ್ನ ಹೊಟ್ಟೆಪಾಡು ಡೇಟಾಬೇಸಿನದ್ದು. ಪಹಣಿ ಅಂದರೆ ನನಗೆ ಒಂದು ಟೇಬಲ್. 9ನೇ ಕಾಲಂ ಮಾಲೀಕನ ಹೆಸರು, 11ನೇದು ಹಕ್ಕು ಮತ್ತು ಋಣ, 12ನೇದು ಸಾಗುವಳಿ ಮಾಡುವವನ ಹೆಸರು ಮತ್ತು ಬೆಳೆ. 2000ದ ಆಸುಪಾಸಿನಲ್ಲಿ "ಭೂಮಿ" ಯೋಜನೆಯಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬಿದರು. ಆ 2 ಕೋಟಿಯಲ್ಲಿ ಒಂದು ನಮ್ಮಜ್ಜನದ್ದು. ಅವನು ಈ ಭೂಮಿ ಮೇಲೆ ಇದ್ದ ಅನ್ನುವುದಕ್ಕೆ ಸರ್ಕಾರಿ ದಾಖಲೆ ಅಂತ ಇರುವುದು ಹೆಚ್ಚುಕಮ್ಮಿ ಇಷ್ಟೇ. ಉಳಿದಿದ್ದನ್ನು ನಾನಾದರೂ ಬರೆದಿಡೋಣ ಅನ್ನಿಸಿತು.

ಅಜ್ಜನಿಗೆ ತಾನು ಹುಟ್ಟಿದ ವರ್ಷ ಗೊತ್ತಿರಲಿಲ್ಲ. "ನವಾಬರ ರಾಜ್ಯ ಹೋದಾಗ ನನಗ ಮೀಸಿ ಮೂಡತಿದ್ವು" ಅನ್ನುತ್ತಿದ್ದ. ಸವಣೂರು ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರಲ್ಲಿ. ಹಾಗಾದರೆ 1932-33ರ ಹುಟ್ಟು ಇರಬೇಕು. ಸುಮಾರು 70 ಚದರ ಮೈಲಿಯ ಪುಟ್ಟ ಸಂಸ್ಥಾನ ಅದು. ಸುತ್ತ ಇದ್ದದ್ದು ಬ್ರಿಟಿಷರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. 1956ರಲ್ಲಿ ಮೈಸೂರು ರಾಜ್ಯವಾಯಿತು, 1973ರಲ್ಲಿ ಅದೇ ಕರ್ನಾಟಕವಾಯಿತು, 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಒಂದೇ ಹೊಲದಲ್ಲಿ ನಿಂತುಕೊಂಡು ಅಜ್ಜ ಇಷ್ಟೆಲ್ಲ ವಿಳಾಸ ಬದಲಿಸಿದ! ಅವನ ಪ್ರಪಂಚ ಮಾತ್ರ ಕೊನೆತನಕ ನಾಲ್ಕು ತಾಲೂಕಿನದ್ದೇ. ಹೊಲ ಸವಣೂರಿನದ್ದು, ಹೆಂಡತಿ ಹಾನಗಲ್ಲಿನವಳು, ಮಗಳನ್ನು ಕೊಟ್ಟಿದ್ದು ಹಿರೇಕೆರೂರಿಗೆ, ಹರಕೆ ಹೊತ್ತಿದ್ದು ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫಜ್ಜನ ಗದ್ದುಗೆಗೆ.

ಎರೆ ಅಂದರೆ ಹತ್ತಿ ಮತ್ತು ಜೋಳ. ಇದರಲ್ಲಿ ಹತ್ತಿಯ ಕತೆ ದೊಡ್ಡದು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ನಮ್ಮ ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಅದಕ್ಕೆ "ಧಾರವಾಡ ಅಮೆರಿಕನ್" ಅಂತಲೇ ಹೆಸರಾಯಿತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತು, ಇಲ್ಲಿ ಧಾರಣೆ ಗಗನಕ್ಕೇರಿತು. ಯುದ್ಧ ಮುಗಿಯಿತು, ಧಾರಣೆ ಬಿತ್ತು. ಹನ್ನೊಂದು ವರ್ಷಕ್ಕೆ 1876-78ರ ಬರ ಬಂತು. ಧಾತು ಸಂವತ್ಸರದ ಬರ. ಹತ್ತಿಯನ್ನು ಮಾರಬಹುದು, ತಿನ್ನಲಾಗುವುದಿಲ್ಲವಲ್ಲ.

ಅಜ್ಜನಿಗೆ ಅಮೆರಿಕದ ಯುದ್ಧದ ವಿಷಯ ಗೊತ್ತಿರಲಿಲ್ಲ. ಆದರೆ ಅವನ ಅಜ್ಜನಿಂದ ಒಂದು ಕಟ್ಟಳೆ ಇಳಿದು ಬಂದಿತ್ತು: ಹತ್ತಿಗೆ ಎಷ್ಟೇ ರೊಕ್ಕ ಬರಲಿ, ಅರ್ಧ ಹೊಲ ಜೋಳಕ್ಕೆ. "ಹತ್ತಿ ಸಂತಿಗೆ, ಜ್ವಾಳ ಮನಿಗೆ" ಅನ್ನುತ್ತಿದ್ದ. ಮನೆ ಮುಂದಿನ ಹಗೇವಿನಲ್ಲಿ ಒಂದು ವರ್ಷದ ಜೋಳ ಇಲ್ಲದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ನನಗೀಗ ಅನ್ನಿಸುವುದೇನೆಂದರೆ, ನೂರು ವರ್ಷದ ಹಿಂದಿನ ಬರವೊಂದು ನಮ್ಮ ಮನೆಯಲ್ಲಿ ಹಗೇವಿನ ರೂಪದಲ್ಲಿ ನೆನಪಿತ್ತು.

ಅಜ್ಜಿ ಹಾನಗಲ್ ತಾಲೂಕಿನವಳು ಅಂದೆನಲ್ಲ. ಅಲ್ಲಿಗೆ ಮಲೆನಾಡಿನ ಸೆರಗು ಶುರು. ಕೆರೆ, ಕೆಂಪು ಮಣ್ಣು, ಭತ್ತ. ಮಳೆಗಾಲಕ್ಕೆ ಮುಂಚೆಯೇ ಒಣನೆಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತುವುದು ಆ ಕಡೆಯ ಪದ್ಧತಿ. ಜೋಳದ ಕೂರಿಗೆಯಲ್ಲಿ ಪಳಗಿದ್ದ ಅಜ್ಜ ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋಗಿ ಭತ್ತದ ಬಿತ್ತನೆ ಕಲಿತನಂತೆ. ಅಜ್ಜಿ ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತಿದ್ದಳು, ಅವನು ಎತ್ತು ಹೊಡೆಯುತ್ತಿದ್ದ. ಬಹುಶಃ ಅಲ್ಲಿಂದಲೇ ಇರಬೇಕು, ಅವನು ಅಜ್ಜಿಯನ್ನು ಬಿಟ್ಟು ಊಟಕ್ಕೆ ಕೂರುತ್ತಿರಲಿಲ್ಲ. ಗಂಡಸರು ಉಂಡ ಮೇಲೆ ಹೆಂಗಸರು ಉಣ್ಣುವ ಕಾಲ. ಓಣಿಯವರು ನಗುತ್ತಿದ್ದರು. "ಬಿತ್ತಾಕ ಇಬ್ಬರು ಬೇಕು, ಉಣ್ಣಾಕ ಬ್ಯಾಡೇನು?" ಅನ್ನುವುದು ಅವನ ಉತ್ತರ.

ಅದೇ ಹಾನಗಲ್ಲಿನ ತಾರಕೇಶ್ವರ ಗುಡಿಗೆ ನಾನು ಚಿಕ್ಕವನಿದ್ದಾಗ ಅಜ್ಜನ ಜೊತೆ ಹೋಗಿದ್ದೆ. ಅಲ್ಲಿ ವೀರಗಲ್ಲುಗಳಿವೆ. ಹಾನಗಲ್ಲು ಕದಂಬರ ರಾಜಧಾನಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಮುತ್ತಿಗೆ ಹಾಕಿದ ಊರು. ಯುದ್ಧದಲ್ಲಿ ಸತ್ತವರಿಗೆ, ತುರು ಕದಿಯಲು ಬಂದವರ ಜೊತೆ ಹೊಡೆದಾಡಿ ಸತ್ತವರಿಗೆ ನಮ್ಮ ಸೀಮೆಯಲ್ಲಿ ಊರೂರಿಗೂ ಕಲ್ಲು ನಿಲ್ಲಿಸಿದ್ದಾರೆ. ನಾನು ಶಾಲೆಯಲ್ಲಿ ಓದಿದ್ದನ್ನೆಲ್ಲ ಅಜ್ಜನಿಗೆ ಒದರಿದೆ. ಅವನು ಪೂರ್ತಿ ಕೇಳಿ, "ದನಾ ಉಳಿಸಿ ಸತ್ತಾವಗ ಕಲ್ಲು ಅದ. ದಿನಾ ಮೇವು ಹಾಕಿದಾವಗ?" ಅಂದ. ಆಗ ಜೋಕು ಅಂದುಕೊಂಡು ನಕ್ಕಿದ್ದೆ.

ಇನ್ನು ಹೊಲದ ವಿಷಯ. ಆ 4 ಎಕರೆ 12 ಗುಂಟೆ ಮೊದಲು ಅಜ್ಜನದ್ದಾಗಿರಲಿಲ್ಲ. ಹಳೆ ಪಹಣಿಯ 9ನೇ ಕಾಲಂನಲ್ಲಿ ಸಾಹುಕಾರರೊಬ್ಬರ ಹೆಸರಿದೆ. ಅಜ್ಜ 12ನೇ ಕಾಲಂನಲ್ಲಿದ್ದಾನೆ. ಅಂದರೆ ಗೇಣಿದಾರ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರದ ವಶಕ್ಕೆ ಬಂತು. ಉಳುವವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರೆ ಹೊಲ ಅವನದ್ದಾಗಬಹುದು. ಓದು ಬಾರದ ಅಜ್ಜ ಯಾರಿಂದಲೋ ತುಂಬಿಸಿದ. ವಿಚಾರಣೆಗೆ ಅಲೆದ. ಕೊನೆಗೆ 12ನೇ ಕಾಲಂನ ಹೆಸರೇ 9ನೇ ಕಾಲಂಗೂ ಬಂತು. ಮೂರೇ ಕಾಲಂ ಹಿಂದಕ್ಕೆ ಜರುಗಲು ಅವನಿಗೆ ಅರ್ಧ ಆಯುಷ್ಯ ಬೇಕಾಯಿತು. ಹೀಗೆ ಬಂದ ಭೂಮಿಯನ್ನು 15 ವರ್ಷ ಮಾರುವಂತಿಲ್ಲ ಎಂಬ ಷರತ್ತು ಇತ್ತು. ಅದನ್ನು ಓದಿ ಹೇಳಿದವರಿಗೆ ಅಜ್ಜ, "ಮಾರಾಂವ ಇದ್ರ ಇಷ್ಟ್ಯಾಕ ಅಡ್ಡಾಡತಿದ್ನಿ?" ಅಂದನಂತೆ.

ಆಮೇಲೆ ಹೈಬ್ರಿಡ್ ಕಾಲ ಬಂತು. ಧಾರವಾಡದಲ್ಲಿ ಡಾ. ಕಟರಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ, ಡಿಸಿಎಚ್-32 ಅನ್ನುವ ಜಯಲಕ್ಷ್ಮಿ 1981ರಲ್ಲಿ. ಹಿರೇಕೆರೂರು ಕಡೆ ಈ ಹತ್ತಿಯ ಬೀಜೋತ್ಪಾದನೆಯೇ ದೊಡ್ಡ ಕಸುಬಾಯಿತು. ಅಲ್ಲಿದ್ದ ನಮ್ಮತ್ತೆ ಸಂಜೆ ಹೂಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸುವ ಕೆಲಸ ಮಾಡುತ್ತಿದ್ದಳು. ಒಂದೊಂದೇ ಹೂವು, ದಿನವಿಡೀ. ಮಗಳ ಬೆರಳು ನೋಡಿ ಬಂದ ಅಜ್ಜ ಆ ರಾತ್ರಿ ಮಾತಾಡಲಿಲ್ಲವಂತೆ. ಆದರೂ ಜಯಲಕ್ಷ್ಮಿ ಬಿತ್ತಿದ. ಮೊದಲ ವರ್ಷ ರೊಕ್ಕ, ಎರಡನೇ ವರ್ಷ ಹುಳ. 11ನೇ ಕಾಲಂನಲ್ಲಿ ಸಾಲ ಕೂತಿದ್ದು ಆವಾಗಲೇ. ಅದನ್ನು ಅವನು ಜೋಳ ಮಾರಿ, ಹೋರಿ ಮಾರಿ ತೀರಿಸಿದ. ಹೊಲ ಮಾತ್ರ ಮಾರಲಿಲ್ಲ.

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಬಿತ್ತನೆಗೆ ಹದವಾಗಿದ್ದ ನೆಲ ಬಿಟ್ಟು ಗೊಬ್ಬರಕ್ಕೆ ಸಾಲು ನಿಂತಿದ್ದವರು. ಅಜ್ಜ ಆ ದಿನ ಕಟ್ಟೆ ಮೇಲೆ ಕೂತು ರೇಡಿಯೋ ಕೇಳಿ, ಎದ್ದು ಹೋಗಿ ಎತ್ತುಗಳಿಗೆ ಮೇವು ಹಾಕಿದ. ಆಗ ನಾನು ಶಾಲೆ ಹುಡುಗ. ವೀರಗಲ್ಲಿನ ಮಾತು ಜೋಕಲ್ಲ ಅಂತ ನನಗೆ ಮೊದಲ ಸಲ ಅನ್ನಿಸಿದ್ದು ಅವತ್ತು.

ಕೊನೆಯ ವರ್ಷಗಳಲ್ಲಿ ಒಮ್ಮೆ ಶಿಶುನಾಳದಿಂದ ಬರುವಾಗ ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಕರೆದುಕೊಂಡು ಹೋಗಿದ್ದೆವು. ಕಲಾವಿದ ಸೊಲಬಕ್ಕನವರ ಕಟ್ಟಿದ ಹಳ್ಳಿ ಅದು. ರೈತರು, ಹೆಂಗಸರು, ದನಕರು ಎಲ್ಲ ಜೀವಂತ ಇದ್ದ ಹಾಗೆ. ಅಜ್ಜ ಒಂದು ಎತ್ತಿನ ಹಿಣಿಲ ಮೇಲೆ ಕೈಯಿಟ್ಟು, "ಇವಕ್ಕ ಮೇವಿನ ಚಿಂತಿಲ್ಲ, ಪುಣ್ಯವಂತ್ರು" ಅಂದ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಎತ್ತು ಇರಲಿಲ್ಲ. ಟ್ರ್ಯಾಕ್ಟರ್ ಬಾಡಿಗೆಗೆ ಬರುತ್ತಿತ್ತು. 2017ರಲ್ಲಿ, ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ, ಹುಬ್ಬಿ ಮಳೆ ಹೊತ್ತಿಗೆ ಅಜ್ಜ ಹೋದ.

ಈಗ ಮತ್ತೆ ಆ ಫೋಟೋಗೆ ಬರುತ್ತೇನೆ. 9ನೇ ಕಾಲಂನಲ್ಲಿ ಅಪ್ಪನ ಹೆಸರಿದೆ. 12ನೇ ಕಾಲಂನಲ್ಲೂ ಅಪ್ಪನದೇ. ಆದರೆ ಅಪ್ಪ ಹೊಲಕ್ಕೆ ಇಳಿದು ಆರು ವರ್ಷ ಆಯಿತು. ಹೊಲ ಮಾಡುತ್ತಿರುವವನು ನಮ್ಮ ಓಣಿಯವನೇ ಒಬ್ಬ, ಬಾಯಿಮಾತಿನ ಲಾವಣಿಗೆ. ಅವನ ಹೆಂಡತಿಯೂ ಅವನ ಜೊತೆ ಬಿತ್ತುತ್ತಾಳೆ. ಅವನ ಹೆಸರು ಯಾವ ಕಾಲಂನಲ್ಲೂ ಇಲ್ಲ. ಇರಬಾರದು ಅಂತಲೇ ನಾವು ಬರೆಸಿಲ್ಲ. ಹೆಸರು ಕೂತರೆ ನಾಳೆ ಹಕ್ಕು ಕೇಳಿಯಾನು ಎಂಬ ಭಯ, ಹಿಂದೆ ಆ ಸಾಹುಕಾರರಿಗೆ ಇದ್ದಿರಬಹುದಾದಂಥದ್ದೇ. ಅಜ್ಜನಿಗೆ 12ನೇ ಕಾಲಂ ಆದರೂ ಸಿಕ್ಕಿತ್ತು.

ಅಪ್ಪನಿಗೆ ಎರಡು ದಿನ ಬಿಟ್ಟು ಫೋನ್ ಮಾಡಿದೆ. ಮಾರಲೇಬೇಕು ಅಂದರೆ ಕಾರಿನವರಿಗೆ ಹೇಳುವ ಮುಂಚೆ ಅವನನ್ನು ಒಂದು ಮಾತು ಕೇಳಿ, ಕಂತಿನಲ್ಲಿ ಕೊಟ್ಟರೂ ನಡೆಯುತ್ತದೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ರೇಟು ಅರ್ಧನೂ ಬರಂಗಿಲ್ಲ ನೋಡು" ಅಂದರು. ಗೊತ್ತು ಅಂದೆ. "ಈ ಬಿತ್ತಿಗಿ ಮುಗೀಲಿ, ಬಾ, ಕುಂತು ಮಾತಾಡೂಣು" ಅಂದರು.

ಮುಂದಿನ ವಾರ ಊರಿಗೆ ಹೊರಟಿದ್ದೇನೆ. ಏನಾಯಿತು ಅಂತ ಬಂದು ಬರೆಯುತ್ತೇನೆ. ಅಷ್ಟರಲ್ಲಿ ನಿಮ್ಮ ಮನೆಯ ಪಹಣಿ ಇದ್ದರೆ ಒಮ್ಮೆ 12ನೇ ಕಾಲಂ ನೋಡಿ.