ಎರಡು ಬೆರಳು ಕಡಿಮೆ: ರೋಲರ್ ಕೋಸ್ಟರ್ ಕಂಬಿಯ ಕಥೆ



ತ್ರಿಪ್ಲಿಕೇನಿನ ನಮ್ಮ ಬೀದಿಯಿಂದ ಮರೀನಾ ಕಡಲತೀರ ಕಾಲ್ನಡಿಗೆಯ ದೂರ. ಸಂಜೆ ಅಲ್ಲಿಗೆ ಹೋದರೆ ಸುಂಡಲ್ ಮಾರುವವರ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಪುಟ್ಟ ರಾಟೆಗಳು ಕಾಣುತ್ತವೆ. ಇಲ್ಲಿಯವರಿಗೆ ಅದು ರಾಟ್ಟಿನಂ. ನಮ್ಮ ಊರಿನ ಜಾತ್ರೆಯಲ್ಲಿ ಅದನ್ನೇ ತೊಟ್ಟಿಲು ಅನ್ನುತ್ತಿದ್ದೆವು. ಮಗುವನ್ನು ಕೂರಿಸಿ, ಹೊಟ್ಟೆಯ ಮುಂದೆ ಅಡ್ಡಕ್ಕೊಂದು ಕಬ್ಬಿಣದ ಕಡ್ಡಿ ಸಿಕ್ಕಿಸಿ, ಒಂದು ಸಲ ನೂಕಿದರೆ ಆಯಿತು. ಆ ಕಡ್ಡಿಯ ಕಡೆ ನಮ್ಮ ಗಮನ ಹೋಗುವುದೇ ಇಲ್ಲ. ಕಳೆದ ಬೇಸಿಗೆಯವರೆಗೆ ನನ್ನ ಗಮನವೂ ಹೋಗಿರಲಿಲ್ಲ.

ಬೇಸಿಗೆ ರಜೆಗೆ ಮೈಸೂರಿನಿಂದ ಅಕ್ಕನ ಮಗ ಬಂದಿದ್ದ. ಎಂಟು ವರ್ಷದ ಹುಡುಗ. ಊರ ಹೊರಗಿನ ಒಂದು ಪಾರ್ಕಿಗೆ ಕರೆದುಕೊಂಡು ಹೋದೆ. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಕೋಸ್ಟರಿನ ಬಾಗಿಲಿಗೆ ಬಂದರೆ, ಅಲ್ಲಿದ್ದ ಹುಡುಗ ಇವನನ್ನು ಅಳತೆಯ ಕಂಬಕ್ಕೆ ನಿಲ್ಲಿಸಿದ. ಕೆಂಪು ಗೆರೆಗೆ ಎರಡು ಬೆರಳು ಕಡಿಮೆ! ಮಗನ ಕಣ್ಣಲ್ಲಿ ನೀರು. ನಾನು ನನ್ನ ಹರಕು ತಮಿಳಿನಲ್ಲಿ ವಾದಕ್ಕೆ ನಿಂತೆ. "ಎರಡು ಬೆರಳು ತಾನೇ? ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ" ಅಂದೆ. ಆತ ಸಿಟ್ಟಾಗಲಿಲ್ಲ. "ಅಕ್ಕಾ, ನೀವು ಹಿಡಿಯೋದು ಲೆಕ್ಕಕ್ಕಿಲ್ಲ. ಕಂಬಿ ಹಿಡೀಬೇಕು" ಅಂದ, ಅಷ್ಟೆ.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಕಂಬಿ ಹಿಡಿಯುವುದು ಎಂದರೇನು? ಹುಡುಕುತ್ತಾ ಹೋದಂತೆ ಇನ್ನೂರು ವರ್ಷಗಳ ಒಂದು ಕಥೆಯೇ ಸಿಕ್ಕಿತು.

ಕಥೆ ಶುರುವಾಗುವುದು ರಷ್ಯಾದ ಚಳಿಯಲ್ಲಿ. 18ನೇ ಶತಮಾನದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮರದ ಅಟ್ಟ ಕಟ್ಟಿ, ಇಳಿಜಾರಿಗೆ ನೀರು ಸುರಿದು ಹೆಪ್ಪುಗಟ್ಟಿಸಿ, ಅದರ ಮೇಲೆ ಜನ ಜಾರುತ್ತಿದ್ದರು. 1817ರಲ್ಲಿ ಪ್ಯಾರಿಸ್ಸಿನವರು ಈ ಆಟಕ್ಕೆ ಚಕ್ರ ಜೋಡಿಸಿದರು. ಗಾಡಿ ದಾರಿ ಬಿಟ್ಟು ಹಾರದಂತೆ ಹಳಿಗೇ ಸಿಕ್ಕಿಸಿದರು. ಒಂದು ತಮಾಷೆ ನೋಡಿ: ಫ್ರೆಂಚರು ಇಂದಿಗೂ ರೋಲರ್ ಕೋಸ್ಟರನ್ನು 'ರಷ್ಯದ ಬೆಟ್ಟ' ಎನ್ನುತ್ತಾರೆ, ರಷ್ಯನ್ನರು 'ಅಮೆರಿಕದ ಗುಡ್ಡ' ಎನ್ನುತ್ತಾರೆ!

ಅಮೆರಿಕದ ನ್ಯೂಯಾರ್ಕ್ ಬಳಿಯ ಕೋನಿ ಐಲ್ಯಾಂಡ್ ಕೂಡ ನಮ್ಮ ಮರೀನಾದಂತೆ ಕಡಲತೀರವೇ. ಅಲ್ಲಿ 1884ರ ಜೂನ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ 'ಸ್ವಿಚ್‌ಬ್ಯಾಕ್ ರೈಲ್ವೆ' ತೆರೆದ. ಟಿಕೆಟ್ಟಿಗೆ ಐದು ಸೆಂಟು, ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್. ನಮ್ಮ ಸೈಕಲ್ಲಿಗಿಂತ ನಿಧಾನ. ಇಷ್ಟು ವೇಗಕ್ಕೆ ಯಾರನ್ನೂ ಹಿಡಿದಿಡುವ ಕಷ್ಟ ಇರಲಿಲ್ಲ.

ಮನುಷ್ಯನ ಆಸೆ ಅಲ್ಲಿಗೆ ನಿಲ್ಲಬೇಕಲ್ಲ? 1895ರಲ್ಲಿ ಅದೇ ಕೋನಿ ಐಲ್ಯಾಂಡಿನಲ್ಲಿ 'ಫ್ಲಿಪ್ ಫ್ಲಾಪ್' ಬಂತು. ಜನರನ್ನು ತಲೆಕೆಳಗು ಮಾಡುವ, ಬಳೆಯಷ್ಟು ದುಂಡಗಿನ ಸುತ್ತು. ತಪ್ಪಿದ್ದು ಆ ದುಂಡಿನಲ್ಲೇ. ಇಳಿದು ಬಂದ ಗಾಡಿಗೆ ಸುತ್ತಿನ ಬುಡದಲ್ಲಿ ಅತಿ ಹೆಚ್ಚು ವೇಗ. ಅಲ್ಲೇ ಅದನ್ನು ತಟಕ್ಕನೆ ಬಗ್ಗಿಸಿದರೆ ಕೂತವರ ತೂಕ ಹತ್ತು ಹನ್ನೆರಡು ಪಟ್ಟಾದಂತೆ ಕುತ್ತಿಗೆಯ ಮೇಲೆ ಬೀಳುತ್ತದೆ. ಜನ ಕುತ್ತಿಗೆ ನೋಯಿಸಿಕೊಂಡು ಇಳಿದರು. ಎಷ್ಟೇ ಗಟ್ಟಿ ಕಂಬಿ ಹಾಕಿದರೂ ಹಳಿಯ ಆಕಾರ ತಪ್ಪಿದ್ದರೆ ಪ್ರಯೋಜನವಿಲ್ಲ.

ಆಮೇಲೆ ಬಂದವನು ಜಾನ್ ಮಿಲ್ಲರ್. ಈತನ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ, ಆದರೆ ಇಂದು ಕೋಸ್ಟರ್ ಹತ್ತುವ ಪ್ರತಿಯೊಬ್ಬರೂ ಇವನಿಗೆ ಋಣಿಗಳು. ಹಳಿಯ ಮೇಲೆ ಓಡುವ ಚಕ್ರದ ಜೊತೆಗೆ ಹಳಿಯ ಅಡಿಯಲ್ಲೂ ಓಡುವ ಚಕ್ರಕ್ಕೆ ಈತ 1919ರಲ್ಲಿ ಪೇಟೆಂಟ್ ಪಡೆದ. ಈಗಿನ ಕೋಸ್ಟರುಗಳಲ್ಲಿ ಮೇಲೆ, ಪಕ್ಕದಲ್ಲಿ, ಅಡಿಯಲ್ಲಿ ಹೀಗೆ ಮೂರು ಕಡೆ ಚಕ್ರಗಳು ಹಳಿಯನ್ನು ಹಿಡಿದಿರುತ್ತವೆ. ಹಾಗಾಗಿ ಗಾಡಿ ಹಾರುವುದಿಲ್ಲ. ಆದರೆ ಗುಡ್ಡದ ನೆತ್ತಿ ದಾಟುವಾಗ ಒಳಗೆ ಕೂತವರು ಹಾರಬಹುದು! ಆ ಕ್ಷಣದಲ್ಲಿ ನಮ್ಮನ್ನು ಸೀಟಿನಲ್ಲಿ ಉಳಿಸುವುದು ಲ್ಯಾಪ್ ಬಾರ್, ಅಂದರೆ ತೊಡೆಯ ಮೇಲೆ ಇಳಿಯುವ ಕಂಬಿ.

ಉಕ್ಕಿನ ಕೊಳವೆಯ ಹಳಿ ಬಂದದ್ದು 1959ರಲ್ಲಿ, ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್ ಕೋಸ್ಟರಿನೊಂದಿಗೆ. ಕೊಳವೆಯನ್ನು ಬೇಕಾದಂತೆ ಬಗ್ಗಿಸಬಹುದು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ಜರ್ಮನಿಯ ಆಂಟನ್ ಶ್ವಾರ್ಜ್‌ಕಾಫ್ ಮತ್ತು ಎಂಜಿನಿಯರ್ ವರ್ನರ್ ಸ್ಟೆಂಗಲ್ 'ರೆವಲ್ಯೂಷನ್' ಕಟ್ಟಿದರು. ಅವರ ಸುತ್ತು ಬಳೆಯಂತಲ್ಲ, ತಲೆಕೆಳಗಾದ ನೀರಹನಿಯಂತೆ: ವೇಗ ಹೆಚ್ಚಿರುವ ಬುಡದಲ್ಲಿ ಅಗಲ, ವೇಗ ಕುಗ್ಗುವ ನೆತ್ತಿಯಲ್ಲಿ ಬಿಗಿ. ಕುತ್ತಿಗೆ ಉಳಿಯಿತು.

ಈಗ ಗಮನಿಸಬೇಕಾದ ಸಂಗತಿ. ತಲೆಕೆಳಗಾಗುವ ಆ ಕೋಸ್ಟರಿಗೆ ಮೊದಲು ಇದ್ದದ್ದು ಬರೀ ತೊಡೆಯ ಕಂಬಿ. ಗಾಡಿ ಸರಿಯಾದ ವೇಗದಲ್ಲಿದ್ದರೆ ಸುತ್ತೇ ನಮ್ಮನ್ನು ಸೀಟಿಗೆ ಒತ್ತುತ್ತದೆ, ತುಂಬಿದ ಚೊಂಬನ್ನು ಬೀಸಿ ತಿರುಗಿಸಿದರೂ ನೀರು ಚೆಲ್ಲದಂತೆ. 1992ರಲ್ಲಿ ಅದಕ್ಕೆ ಹೆಗಲ ಮೇಲಿಂದ ಇಳಿಯುವ ಕವಚ ಹಾಕಿದರು. ಕಿವಿ, ಕೆನ್ನೆಗೆ ಬಡಿಯುತ್ತದೆಂದು ಜನ ಗೊಣಗಿದರು. 2016ರಲ್ಲಿ ಅದನ್ನು ತೆಗೆದು ಮತ್ತೆ ತೊಡೆಯ ಕಂಬಿಗೇ ಮರಳಿದರು. ಹೆಚ್ಚು ಕಬ್ಬಿಣ ಎಂದರೆ ಹೆಚ್ಚು ಭದ್ರತೆ ಎಂದಲ್ಲ.

ಹಾಗಾದರೆ ಹೆಗಲ ಕವಚ ಎಲ್ಲಿ ಬೇಕು? 1984ರಲ್ಲಿ ಬಂದ ಬೂಮರಾಂಗ್ ಬಗೆಯ ಕೋಸ್ಟರ್ ಒಂದೇ ಹಳಿಯ ಮೇಲೆ ಮುಂದಕ್ಕೂ ಹಿಂದಕ್ಕೂ ತಲೆಕೆಳಗಾಗಿಸುತ್ತದೆ. 1992ರಲ್ಲಿ ಷಿಕಾಗೊ ಬಳಿ ಶುರುವಾದ ಇನ್ವರ್ಟೆಡ್ ಬಗೆಯಲ್ಲಿ ಹಳಿ ತಲೆಯ ಮೇಲಿರುತ್ತದೆ, ಕಾಲು ಗಾಳಿಯಲ್ಲಿ ತೂಗಾಡುತ್ತದೆ. ಕಾಲಿಗೆ ನೆಲವಿಲ್ಲದಾಗ ಮೈಯನ್ನು ಮೇಲಿಂದ ಹಿಡಿಯುವ ಕವಚ, ಅದನ್ನು ಸೀಟಿಗೆ ಬಿಗಿಯುವ ಬೆಲ್ಟು ಬೇಕಾಗುತ್ತವೆ. ಮಕ್ಕಳ ಸಣ್ಣ ಕೋಸ್ಟರಿಗೆ ತೊಡೆಯ ಕಂಬಿಯೇ ಸಾಕು.

ಬೀಗದಲ್ಲೂ ಎರಡು ಬಗೆ. ಸೈಕಲ್ಲಿನ ಫ್ರೀವೀಲಿನಂತೆ ಹಲ್ಲಿನಿಂದ ಹಲ್ಲಿಗೆ 'ಟಕ್ ಟಕ್' ಎಂದು ಇಳಿದು, ಹಿಂದಕ್ಕೆ ಬಾರದಂತೆ ಕಚ್ಚಿಕೊಳ್ಳುವುದು ಒಂದು. ಎಣ್ಣೆ ತುಂಬಿದ ಸಿಲಿಂಡರಿನಿಂದ ಸದ್ದಿಲ್ಲದೆ ಎಲ್ಲಿ ಬೇಕಾದರೂ ನಿಲ್ಲುವುದು ಇನ್ನೊಂದು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಒಳ್ಳೆಯ ಕೋಸ್ಟರಿನಲ್ಲಿ ಬೀಗಗಳನ್ನು ಜೋಡಿಯಾಗಿ ಇಡುತ್ತಾರೆ.

ಈ ಎಚ್ಚರದ ಹಿಂದೆ ಕಣ್ಣೀರೂ ಇದೆ. 1972ರ ಮೇ 30ರಂದು ಲಂಡನ್ನಿನ ಬ್ಯಾಟರ್ಸೀ ಪಾರ್ಕಿನಲ್ಲಿ ಗುಡ್ಡ ಏರುತ್ತಿದ್ದ ಗಾಡಿ ಎಳೆಯುವ ಹಗ್ಗದಿಂದ ಕಳಚಿಕೊಂಡಿತು. ಹಿಂದಕ್ಕೆ ಉರುಳದಂತೆ ತಡೆಯಬೇಕಿದ್ದ ಸಾಧನ ಕೆಲಸ ಮಾಡಲಿಲ್ಲ. ಐವರು ಮಕ್ಕಳು ಸತ್ತರು. 2013ರ ಜುಲೈನಲ್ಲಿ ಟೆಕ್ಸಾಸಿನ ಒಂದು ಕೋಸ್ಟರಿನಿಂದ ಮಹಿಳೆಯೊಬ್ಬರು ಹೊರಗೆ ಬಿದ್ದು ತೀರಿಕೊಂಡರು. ಅದಾದ ಮೇಲೆ ಅಲ್ಲಿ ತೊಡೆಯ ಕಂಬಿಯ ಜೊತೆಗೆ ಬೆಲ್ಟೂ ಬಂತು. 2019ರಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ಆಟದ ತೋಳೇ ಮುರಿದುಬಿತ್ತು. ಅಲ್ಲಿ ಸೀಟಿನ ಕಂಬಿ ಏನು ಮಾಡೀತು? ಕಂಬಿಯಷ್ಟೇ ಮುಖ್ಯ, ದಿನವೂ ಬೆಳಿಗ್ಗೆ ಬೋಲ್ಟು ತಿರುಗಿಸಿ ನೋಡುವ ಕೈ.

ನಮ್ಮ ದೇಶಕ್ಕೆ ಈ ಆಟಗಳು ತಡವಾಗಿ ಬಂದವು. ದೆಹಲಿಯ ಅಪ್ಪು ಘರ್ 1984ರಲ್ಲಿ ತೆರೆದು 2008ರಲ್ಲಿ ಮುಚ್ಚಿತು. ಚೆನ್ನೈಯವರಿಗೆ 1995ರಲ್ಲಿ ತಾಂಬರಂ ಬಳಿ ಕಿಷ್ಕಿಂತಾ ಸಿಕ್ಕಿತು. ಕನ್ನಡಿಗರಿಗೆ 2005ರಲ್ಲಿ ಬಿಡದಿಯ ವಂಡರ್‌ಲಾ. ಅದೇ ವಂಡರ್‌ಲಾ 2025ರ ಡಿಸೆಂಬರಿನಲ್ಲಿ ನಮ್ಮ ತಿರುಪೋರೂರಿನ ಬಳಿಯೂ ಬಾಗಿಲು ತೆರೆಯಿತು. ಅಲ್ಲಿಯ 'ತಂಜೋರಾ' ಕಾಲು ತೂಗಾಡುವ ಇನ್ವರ್ಟೆಡ್ ಬಗೆಯದು. ಕೈರಾಟೆಯಿಂದ ಅಲ್ಲಿಯವರೆಗೆ ಒಂದೇ ಕಡಲತೀರದ ದಾರಿ!

ಈಗ ಆ ಎರಡು ಬೆರಳಿನ ವಿಷಯ. ತೊಡೆಯ ಕಂಬಿ ಸೊಂಟದ ಹತ್ತಿರ ಬಿಗಿಯಾಗಿ ಕೂರಬೇಕು. ಹೆಗಲ ಕವಚ ಹೆಗಲಿನ ಮೇಲೇ ಕೂರಬೇಕು. ಮಗು ಗಿಡ್ಡಗಿದ್ದರೆ ನಡುವೆ ಸಂದು ಉಳಿಯುತ್ತದೆ, ಆ ಸಂದಿನಲ್ಲಿ ಮೈ ಕೆಳಗೆ ಜಾರುತ್ತದೆ. ಪಕ್ಕದಲ್ಲಿ ದೊಡ್ಡವರು ಕೂತು ಒಂದೇ ಕಂಬಿ ಇಬ್ಬರಿಗೂ ಇಳಿದರೆ, ಅದು ದೊಡ್ಡವರ ತೊಡೆಗೆ ತಾಗಿ ನಿಲ್ಲುತ್ತದೆ, ಮಗುವಿಗೆ ತಾಗುವುದೇ ಇಲ್ಲ. ತಿರುವಿನಲ್ಲಿ ಮಗುವಿನ ತೂಕ ಮೂರು ನಾಲ್ಕು ಪಟ್ಟಾದಾಗ ನನ್ನ ಕೈ ಅದನ್ನು ಹಿಡಿದೀತೇ? ಆ ಹುಡುಗ ಹೇಳಿದ್ದು ಅಕ್ಷರಶಃ ನಿಜ.

ಈ ರಜೆಗೆ ನೀವು ಮಕ್ಕಳನ್ನು ಕರೆದುಕೊಂಡು ಹೊರಟರೆ ಮೂರು ಕೆಲಸ ಮಾಡಿ. ಕಂಬಿ ಇಳಿದ ಮೇಲೆ ಒಮ್ಮೆ ಮೇಲಕ್ಕೆ ಎತ್ತಿ ನೋಡಿ, ಎದ್ದರೆ ಕೂಗಿ ಕರೆಯಿರಿ. ಬೆಲ್ಟನ್ನು ಆಪರೇಟರ್ ತಾನೇ ಎಳೆದು ನೋಡಿದನೇ ಗಮನಿಸಿ, ಇಲ್ಲದಿದ್ದರೆ ಕೇಳಿ. ಅಳತೆಯ ಕಂಬದ ಮುಂದೆ ಮಾತ್ರ ದಯವಿಟ್ಟು ವಾದ ಮಾಡಬೇಡಿ.

ನಮ್ಮ ಮನೆಯ ಬಾಗಿಲ ಚೌಕಟ್ಟಿನಲ್ಲಿ ಈಗ ಒಂದು ಪೆನ್ಸಿಲ್ ಗೆರೆ ಇದೆ. ಊರಿಗೆ ಹೋಗುವ ಮುಂಚೆ ಅಕ್ಕನ ಮಗನೇ ಎಳೆಸಿಕೊಂಡು ಹೋದ. "ಚಿಕ್ಕಮ್ಮಾ, ಮುಂದಿನ ಸಲ ಬಂದಾಗ ಅಳೆಯೋಣ" ಅಂದಿದ್ದಾನೆ. ಆ ಎರಡು ಬೆರಳನ್ನು ಅವನು ಬೆಳೆದೇ ತುಂಬಲಿ, ನಾವು ಕಾಯೋಣ.